ಹಿಂಬದಿಯ ಟೈರು

ಸೆಪ್ಟೆಂಬರ್ ೧೪, ಶನಿವಾರ

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಎಲ್ಲಿಗೂ ಹೋಗುವುದಿಲ್ಲ, ಮನೆತನಕ ಹಿಂದೆಯೇ ಬರುತ್ತದೆ.

ಬೈಕಿನಲ್ಲಿ ಹನ್ನೆರಡು ದಿನದ ದಾರಿ. ಬಯಲಿನ ಕಾದ ಡಾಂಬರು, ಆಮೇಲೆ ಮಳೆ, ಕೊನೆಗೆ ಗುಡ್ಡದ ಚಳಿ. ಗಟ್ಟಿ ರಬ್ಬರಿನ ಟೈರು ಬಾಳಿಕೆ ಬರುತ್ತದೆ, ಒದ್ದೆಯಲ್ಲಿ ಜಾರುತ್ತದೆ. ಮೆತ್ತನೆಯದು ನೆಲ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಎರಡೂ ಗುಣ ಇರುವುದು ಬೇಕೆಂದೆ. ಅಂಗಡಿಯವನು ನಕ್ಕ.

"ಅಳಿಯನ್ನ ಹುಡುಕೋರು ಹೀಗೇ ಕೇಳೋದು ಸಾರ್. ಇರ್ಲಿ, ಗಾಡೀಲಿ ಒಬ್ರಾ, ಇಬ್ರಾ?"

"ಒಬ್ಬನೇ" ಎಂದುಬಿಟ್ಟೆ.

ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು, ಮಡಿಲಲ್ಲಿ ಆಗಷ್ಟೇ ಕೊಂಡ ತನ್ನ ಮಳೆಕೋಟು. "ಅಲ್ಲಲ್ಲ, ಇಬ್ಬರು" ಎಂದು ತಿದ್ದಿದೆ. ಅವನು ಹೆಚ್ಚು ಭಾರ ತಡೆಯುವ ಬೇರೆ ಟೈರು ತಂದ.

"ಯಾಕೆ ಸುಮ್ನೆ, ಮೊದ್ಲು ಹೇಳಿದ್ದೇ ಹಾಕ್ಬಿಡಿ ಅಣ್ಣಾ" ಎಂದಳು.

ಅವನು ನನ್ನ ಮುಖ ನೋಡಿದ. ನಾನು ಟೈರನ್ನು ನೋಡಿದೆ. ಇಬ್ಬರದ್ದೇ ಹಾಕಿಸಿದೆ.

ಬಾಯಿ ತಪ್ಪಿ ಬಂದ ಮಾತಲ್ಲ, ಅದೇ ತೊಂದರೆ. ಎರಡು ವರ್ಷದಿಂದ ಮನಸ್ಸಿನಲ್ಲೇ ಈ ದಾರಿಯಲ್ಲಿ ಹೋಗಿ ಬಂದಿದ್ದೇನೆ. ಒಮ್ಮೆಯೂ ಬೆನ್ನ ಹಿಂದೆ ಯಾರೂ ಇರಲಿಲ್ಲ. ಕಳೆದ ತಿಂಗಳು ಅವಳು ತಾನೂ ಬರುತ್ತೇನೆಂದಾಗ ಸಂತೋಷವಾದದ್ದೂ ನಿಜ. ಎರಡೂ ಹೇಗೆ ನಿಜವೋ, ಅವಳಿಗೆ ಹೇಗೆ ಹೇಳುವುದೋ.

ಬರುವಾಗ ನನ್ನ ಸೊಂಟ ಹಿಡಿಯಲಿಲ್ಲ, ಸೀಟಿನ ಹಿಂದಿನ ಕಂಬಿ ಹಿಡಿದಳು.

"ಹೊಸ ಟೈರು ಮೊದಮೊದ್ಲು ಜಾರುತ್ತೆ, ಗಟ್ಟಿಯಾಗಿ ಹಿಡ್ಕೋ."

"ಹಿಡ್ಕೊಂಡೇ ಇದೀನಲ್ಲ."

ಪ್ರತಿ ತಿರುವಿನಲ್ಲೂ ನಿಧಾನಿಸಿದೆ. ಬೆನ್ನಿಗೆ ಅವಳು ತಾಗಲೇ ಇಲ್ಲ. ಇದ್ದಾಳೋ ಇಲ್ಲವೋ ಎಂದು ಕನ್ನಡಿಯಲ್ಲಿ ನೋಡಬೇಕಾಯಿತು. ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡಿದ್ದಳು, ಅದರಲ್ಲಿ ರಸ್ತೆಯ ದೀಪಗಳಷ್ಟೇ ಕಂಡವು.