ಅಮ್ಮ ಹಾಕಿದ ಓಟು

ಮೇ 7, ಬುಧವಾರ
ಕೆಸುವಿನ ಗಡ್ಡೆ ಸುಲಿದು ಕೈಯೆಲ್ಲ ತುರಿಕೆ. ತಮ್ಮ ಪೊಕೊ ಮೀನು ತಂದ. ಒಳಗೆ ಬರಲಿಲ್ಲ — ತಫಾತು ಅಣ್ಣನ ಟ್ರಕ್ ನಿಂತಿತ್ತಲ್ಲ. ಒಡಹುಟ್ಟಿದವರು, ಊರಿನ ಒಂದೇ ಸೀಟಿಗೆ ಎದುರುಬದುರು. ನಮ್ಮ ನಿಯುವೆ ದ್ವೀಪದಲ್ಲಿ ಎಷ್ಟು ಸಣ್ಣ ಊರಿಗೂ ಅಸೆಂಬ್ಲಿಯಲ್ಲಿ ಒಂದು ಸೀಟು. ನಮ್ಮಲ್ಲಿ ಓಟು ಹಾಕುವವರಿಗಿಂತ ಬೀಗ ಹಾಕಿದ ಮನೆಗಳೇ ಹೆಚ್ಚು.

ಪೊಕೊ ಬೇಲಿಯಾಚೆಯಿಂದಲೇ ಅಂದ: "ಸೋತ್ರೆ ಆಕ್ಲೆಂಡಿಗೆ ಹೊರಟ್‌ಬಿಡ್ತೀನಿ ಅಕ್ಕ. ಭಾವಮೈದ ಕೆಲ್ಸ ನೋಡಿಟ್ಟಿದಾನೆ."
"ಮೆಲೆಕಿ?"
"ಎಲ್ರೂ."

ಮೆಲೆಕಿ ಅವನ ಮಗಳು. ಹಾಲು ಬಿಡಿಸಿದಂದಿನಿಂದ ನನ್ನ ಹತ್ತಿರ. ನಮ್ಮಲ್ಲಿ ಮಗು ಕೊಡುವುದು ಬಾಯಿಮಾತಿನಲ್ಲಿ. ವಾಪಸ್ ಕೇಳಿದರೆ ಇಲ್ಲ ಅನ್ನಲು ನಾನ್ಯಾರು...

ಮೇ 14
ಬೆಳಿಗ್ಗೆ ಅಣ್ಣ ಅಮ್ಮನಿಗೆ ಏಡಿ ತಂದ. "ನಂಗೇ ಹಾಕ್ತೀಯಲ್ಲಮ್ಮ?"
"ಹೂಂ."
ಮಧ್ಯಾಹ್ನ ಪೊಕೊ ಪಪ್ಪಾಯಿ ತಂದ. ಅಮ್ಮ ಅವನಿಗೂ ಹೂಂ ಅಂದಳು. ಊರಿಗೆ ಊರೇ ಹೀಗೆ, ಎದುರಿಗೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ.

"ಅಮ್ಮ, ಇಡೀ ದ್ವೀಪದ ಚೀಟೀಲಿ ಆರು ಜನಕ್ಕೆ ಹಾಕ್ಬಹುದು. ಊರಿನ ಚೀಟೀಲಿ ಒಬ್ರಿಗೇ" ಅಂದೆ.
"ಗೊತ್ತು ಸುಮ್ನಿರೇ. ನೀನು ಹುಟ್ಟೋ ಮುಂಚಿಂದ ಹಾಕ್ತಿದೀನಿ."
ಪೊಕೊಗೆ ಹಾಕು ಅನ್ನಬೇಕಿತ್ತು. ಅಣ್ಣನ ಏಡಿ ಇನ್ನೂ ಒಲೆಯ ಮೇಲಿತ್ತು. ಅನ್ನಲಿಲ್ಲ.

ಮೇ 17, ಶನಿವಾರ, ಸಂಜೆ
ಸಮ. ಎಣಿಕೆಯಲ್ಲಿ ಇಬ್ಬರಿಗೂ ಸಮಸಮ. ಒಂದು ಚೀಟಿ ಮಾತ್ರ ಅಸಿಂಧು — ಎರಡೂ ಹೆಸರಿನ ಮುಂದೆ ಗುರುತು. ಅಧಿಕಾರಿ ಎತ್ತಿ ತೋರಿಸಿದರು. ನಡುಗುವ ಗೆರೆಗಳು. ಯಾರದೆಂದು ಎಲ್ಲರಿಗೂ ತಿಳಿಯಿತು. ಪುಣ್ಯಕ್ಕೆ ಅಮ್ಮ ಮನೆಗೆ ಹೋಗಿಯಾಗಿತ್ತು.

ಪಾದ್ರಿಗಳ ಟೋಪಿಯೊಳಗೆ ಎರಡು ಹೆಸರು ಹಾಕಿದರು. ಬಂದದ್ದು ಅಣ್ಣನದು.
"ಒಳ್ಳೇದಾಗ್ಲಿ ಅಣ್ಣ" ಅಂದ ಪೊಕೊ, ಕೈ ಕುಲುಕಿ. ಬೈದಿದ್ದರೆ ಚೆನ್ನಾಗಿತ್ತು.

ಮೇ 18
ಚರ್ಚು. ಮೂವರೂ ಬೇರೆ ಬೇರೆ ಬೆಂಚು.

ಮೇ 24
ಟಿಕೆಟ್ ಆಗಿದೆ. ನಾಚಿಕೆ ಬಿಟ್ಟು ಅಂಗಲಾಚಿದೆ. "ಅವಳನ್ನಾದ್ರೂ ಬಿಟ್‌ಹೋಗೋ."
"ಇಲ್ಲಿ ಅವಳ ಜೊತೆ ಆಡೋಕೆ ಯಾರಿದಾರೆ? ನೀನೇ ಹೇಳಕ್ಕ."
ಒಂದು ಮಗುವಿನ ಹೆಸರಾದರೂ ಹೇಳಬೇಕಿತ್ತು. ಯೋಚಿಸಿದೆ. ಇಲ್ಲ.

ಮೇ 27, ಮಂಗಳವಾರ
ವಿಮಾನ ಹೋಯಿತು. ಮೆಲೆಕಿ ಅಳಲಿಲ್ಲ, ಕಿಟಕಿ ಪಕ್ಕದ ಸೀಟು ಸಿಕ್ಕಿದ ಖುಷಿ ಅವಳಿಗೆ. ನಾಳೆಯಿಂದ ಬೆಳಿಗ್ಗೆ ಯಾರಿಗೋಸ್ಕರ ಏಳಲಿ, ಗೊತ್ತಿಲ್ಲ.

ಅಣ್ಣ ಬಂದು ಜಗಲಿಯಲ್ಲಿ ಕೂತಿದ್ದಾನೆ. ಗೆದ್ದವನ ಮುಖವಲ್ಲ ಅದು. ಅಮ್ಮ ಈಗಷ್ಟೇ ಕೇಳಿದಳು —
"ನಾನು ಇಬ್ರಿಗೂ ಹಾಕಿದ್ನಲ್ಲೇ. ಇನ್ನೊಂದು ಓಟಿದ್ರೂ ಪೊಕೊ ಗೆಲ್ತಿದ್ದ ಅಂತಾರೆ. ಯಾರೇ ಅದು, ಹಾಕದೇ ಇದ್ದೋರು?"

ಅಣ್ಣ ನನ್ನ ಮುಖ ನೋಡಿದ. ನಾನು ಅವನದು.
ಅಮ್ಮ ಬಿಡುತ್ತಿಲ್ಲ. ಮತ್ತೆ ಕೇಳುತ್ತಿದ್ದಾಳೆ. ಅಮ್ಮ, ಅದು...