ಮೂರನೇ ಪ್ಲಗ್ಗಿನ ಥ್ರೆಡ್

ಮಧುಗಿರಿ
೯-೧೧-೨೦೨೪

ಮಗಳು ಲೋಹಿತಾಳಿಗೆ ಅಮ್ಮನ ತುಂಬು ಮನಸ್ಸಿನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನಿನ್ನ ಚಿಕ್ಕಪ್ಪ ನಾಗಭೂಷಣನ ಮುಖವೊಂದನ್ನು ಬಿಟ್ಟು. ಅದು ಯಾಕೆ ಊದಿಕೊಂಡಿದೆ ಅಂತ ಮುಂದೆ ಹೇಳುತ್ತೇನೆ. ಪಾವಗಡದಲ್ಲಿ ನೀನು, ಅಳಿಯಂದಿರು, ಪುಟ್ಟ ಅಶ್ವಿನಿ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಆಯುಧಪೂಜೆ ಕಳೆದು ತಿಂಗಳಾಗುತ್ತ ಬಂದರೂ ಒಂದು ಸಾಲು ಬರೆಯಲಿಲ್ಲ, ತಪ್ಪು ನನ್ನದೇ. ನೀನು ಫೋನ್ ಮಾಡಿದಾಗಲೂ "ಆಮೇಲೆ ಮಾತಾಡ್ತೀನಿ" ಅಂದು ಇಟ್ಟುಬಿಟ್ಟೆ. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನನಗೆ ಅಳು ಬರುತ್ತದೆ, ಮಾತು ಎಲ್ಲಿಗೋ ಹೋಗುತ್ತದೆ. ಮೂವತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದವಳು, ಬರೆದರೇನೇ ನನಗೆ ಸಮಾಧಾನ.

ಸುದ್ದಿ ಏನೆಂದರೆ, ನಮ್ಮ ಪದ್ಮಿನಿ ಕಾರನ್ನು ಗುಜರಿಗೆ ಹಾಕಲು ಹೊರಟಿದ್ದರು. ನಾನು ಬಿಡಲಿಲ್ಲ. ಆ ಕಾರು ನಿನಗೆ ಸೇರಬೇಕಾದದ್ದು. ಈ ಮನೆಯಲ್ಲಿ ಅದರ ಬಾನೆಟ್ಟಿನೊಳಗೆ ಪ್ರೀತಿಯಿಂದ ತಲೆ ಹಾಕಿದವಳು ನೀನೊಬ್ಬಳೇ.

ನಮ್ಮ ಮನೆಯ ಆಯುಧಪೂಜೆ ನಿನಗೆ ಗೊತ್ತಲ್ಲ. ಬೆಳಿಗ್ಗೆ ಕಾರಿನ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒರೆಸುವುದು, ಮತ್ತೆ ಹಾಕಿ ಬಿಗಿಯುವುದು, ಆಮೇಲೆ ಮನೆಯ ಗಂಡಸರು ಒಬ್ಬೊಬ್ಬರಾಗಿ ಬಂದು ಪಾನಾ ಹಿಡಿದು "ಭದ್ರವಾಗಿರಲಿ" ಅಂತ ಇನ್ನೊಂದಿಷ್ಟು ತಿರುಗಿಸುವುದು, ಕೊನೆಗೆ ವಿಭೂತಿ ಬಳಿಯುವುದು. ಹೆಂಗಸರು ಅವತ್ತು ಪಾನಾ ಮುಟ್ಟಬಾರದು. ಎಂಜಿನ್ನಿನ ಹೆಡ್ಡು ಅಲ್ಯೂಮಿನಿಯಮ್ಮಿನದು, ಪ್ಲಗ್ಗು ಕಬ್ಬಿಣದ್ದು. ಮೂವತ್ತೇಳು ವರ್ಷ ಹೀಗೆ ಬಿಗಿದರೆ ಪ್ಲಗ್ಗು ಕಚ್ಚಿಕೊಳ್ಳುವ ಆ ಮೆತ್ತಗಿನ ಲೋಹದ ಥ್ರೆಡ್ಡಿನ ಗೆರೆಗಳು ಉಳಿದಾವೇ? ನೀನು ಹತ್ತನೇ ಕ್ಲಾಸಿನಲ್ಲಿದ್ದಾಗಲೇ ಹೇಳಿದ್ದೆ, "ಅಪ್ಪಾ ಸಾಕು, ವಾಷರ್ರು ಆಗಲೇ ಚಪ್ಪಟೆ ಆಗಿದೆ" ಅಂತ. ಅದಕ್ಕೆ ನಿಮ್ಮಪ್ಪ, "ಇದು ನೀನು ಬಾಯಿ ಹಾಕೋ ಜಾಗ ಅಲ್ಲ ಕಣಮ್ಮ, ಹೋಗು, ಹೂವು ತಗೊಂಬಾ" ಅಂದಿದ್ದರು.

ಈ ಸಲ ನಿಮ್ಮಪ್ಪ ತಿರುಗಿಸಿದಾಗ ಮೂರನೇ ಪ್ಲಗ್ಗು ಬಿಗಿಯಾಗುವ ಬದಲು ಸುಮ್ಮನೆ ಸುತ್ತತೊಡಗಿತು. ಥ್ರೆಡ್ ಹೋಗಿತ್ತು. ಪೂಜೆಯ ಹೊತ್ತಿನಲ್ಲಿ ಅಪಶಕುನ ಅನ್ನಬಾರದಲ್ಲ, ನಾಗಭೂಷಣ ತನ್ನ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಹರಿದು ಪ್ಲಗ್ಗಿಗೆ ಸುತ್ತಿ ಒಳಗೆ ತುರುಕಿದ. "ಇನ್ನು ಹತ್ತು ವರ್ಸ ಅಲ್ಲಾಡಾಕಿಲ್ಲ ಬುಡಣ್ಣ" ಅಂದ. ಹತ್ತು ವರ್ಷ! ಮೂರನೇ ದಿನ ಕೊರಟಗೆರೆಗೆ ಮದುವೆಗೆ ಹೊರಟೆವು, ಊರು ದಾಟುವುದರೊಳಗೆ ಢಮ್ಮೆಂದಿತು. ಪ್ಲಗ್ಗು ಹಾರಿ ಬಾನೆಟ್ಟನ್ನು ಒಳಗಿನಿಂದ ಗುದ್ದಿತ್ತು. ರೇಷ್ಮೆ ಸೀರೆ ಉಟ್ಟುಕೊಂಡು ರಸ್ತೆ ಬದಿ ನಿಂತೆ.

ಮನೆಗೆ ಬಂದ ಮೇಲೆ ಪಂಚಾಯ್ತಿ. ನಾಗಭೂಷಣ ಏನಂದ ಗೊತ್ತಾ? "ಹಬ್ಬದ ದಿನ ಅತ್ತಿಗೆ ಪಾನಾನ ಬಟ್ಟೇಲಿ ಒರೆಸಿದ್ರು, ನಾನೇ ನೋಡ್ದೆ. ಅದಕ್ಕೇ ಹಿಂಗಾಯ್ತು." ನನಗೆ ಮೈಯೆಲ್ಲ ಉರಿದುಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮಪ್ಪ ತಲೆ ತಗ್ಗಿಸಿಕೊಂಡು, "ಹೆಡ್ಡು ಹೋಯ್ತು ಕಣೇ ಮಂಗಳಾ, ಹೊಸದು ಎಲ್ಲೂ ಸಿಗಾಕಿಲ್ಲ. ಗುಜರಿಯವನು ಸೋಮವಾರ ಬತ್ತಾನೆ" ಅಂದರು.

"ಅವನು ಬಂದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸ್ತೀನಿ ಕಣ್ರೀ" ಅಂದೆ. "ದೊಡ್ಡೇರಿಯಿಂದ ನಮ್ಮಪ್ಪ ತಂದುಕೊಟ್ಟ ಕಾರು, ಆರ್.ಸಿ. ನನ್ನ ಹೆಸರಲ್ಲಿದೆ. ಯಾರು ಸಹಿ ಹಾಕ್ತಾರೋ ನೋಡೋಣ."

ಮಾರನೆಯ ಬೆಳಿಗ್ಗೆಯೇ ಪಕ್ಕದ ಮನೆಯ ರಂಗೇಶನ ಪಿಕಪ್ ಗಾಡಿಗೆ ಹಗ್ಗ ಕಟ್ಟಿಸಿ, ನಾನೇ ಸ್ಟೇರಿಂಗ್ ಹಿಡಿದು ಶಿರಾಕ್ಕೆ ಹೊರಟೆ. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ನೋಡಲಿ ಬಿಡು, ನಾನೇನು ಕದ್ದುಕೊಂಡು ಹೋಗುತ್ತಿದ್ದೆನೇ?

ಶಿರಾದ ಕುತುಬುದ್ದೀನ್ ಸಾಹೇಬರು ನಿನ್ನ ತಾತನ ಕಾಲದಿಂದ ಈ ಕಾರು ನೋಡಿದವರು. ಎಂಬತ್ತಾಗಿದೆ, ಗ್ಯಾರೇಜು ಇನ್ನೂ ಇದೆ. ತೂತಿಗೆ ಟಾರ್ಚ್ ಬಿಟ್ಟು ನೋಡಿ, ಬೆಳ್ಳಿ ಕಾಗದದ ಚೂರೊಂದನ್ನು ಚಿಮಟದಲ್ಲಿ ಎಳೆದು, "ಯಾ ಅಲ್ಲಾ, ಯಾವ ದೊಡ್ಡ ಎಂಜಿನಿಯರ್ರು ಮಾಡಿದ್ದಮ್ಮಾ ಇದು?" ಅಂದರು. ನಗು ತಡೆಯಲಾಗಲಿಲ್ಲ. ಹೆಡ್ಡು ಬದಲಿಸಬೇಕಿಲ್ಲವಂತೆ. ತೂತನ್ನು ಸ್ವಲ್ಪ ದೊಡ್ಡದು ಮಾಡಿ ಹೊಸ ಥ್ರೆಡ್ ಕೊರೆದು, ಒಳಗೂ ಹೊರಗೂ ಥ್ರೆಡ್ ಇರುವ ಉಕ್ಕಿನ ಪುಟ್ಟ ಕೊಳವೆ, ಬುಷ್ ಅನ್ನುತ್ತಾರೆ, ಅದನ್ನು ಕೂರಿಸಿದರೆ ಪ್ಲಗ್ಗು ಅದರೊಳಗೆ ಕೂರುತ್ತದೆ. ಬುಷ್ಷನ್ನು ಲೇತ್‌ನಲ್ಲಿ ಮಾಡಿಸಿದರು. ಆದರೆ ಕೊರೆಯುವ ಹೊತ್ತಿಗೆ ತಮ್ಮ ಎರಡೂ ಕೈ ಚಾಚಿ ತೋರಿಸಿದರು. ಗಡಗಡ ನಡುಗುತ್ತಿದ್ದವು.

"ಟ್ಯಾಪು ಒಂದು ಕೂದಲು ಸೊಟ್ಟ ಹೋದ್ರೆ ಹೆಡ್ಡು ಖತಂ. ಕೆಲಸದವನು ಹುಲಿಕುಂಟೆಗೆ ಹೋಗವ್ನೆ. ನೀವು ಹಿಡೀತೀರಾ ಟೀಚರಮ್ಮ? ನಾನು ಬಾಯಲ್ಲಿ ಹೇಳ್ತೀನಿ."

ಹಿಡಿದೆ ಕಣೇ! ಸೆರಗು ಸಿಕ್ಕಿಸಿ, ಥ್ರೆಡ್ ಕೊರೆಯುವ ಆ ಉಕ್ಕಿನ ಟ್ಯಾಪಿನ ಗೀರುಗಳಿಗೆ ಗ್ರೀಸು ತುಂಬಿದೆ, ಪುಡಿ ಒಳಗೆ ಬೀಳದೆ ಅದಕ್ಕೇ ಅಂಟಲಿ ಅಂತ. "ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ." ಮಧ್ಯೆ ಒಂದು ಕಡೆ ಕಚ್ಚಿಕೊಂಡಿತು. ನಾನು ಜೋರು ಹಾಕಲು ಹೋದೆ. "ಬ್ಯಾಡಾ! ಜೋರು ಮಾಡೇ ಇದು ಹಿಂಗಾಗಿರೋದು. ಹಿಂದಕ್ಕೆ ಬುಡಿ, ತೆಗೀರಿ, ಒರೆಸಿ ಮತ್ತೆ ಹಾಕಿ" ಅಂದರು. ಹಾಗೇ ಮಾಡಿದೆ. ಹೀಗೆ ಹದಿನಾಲ್ಕು ಸಲ. ಬುಷ್ಷು ಕೂತಿತು. ಪ್ಲಗ್ಗನ್ನು ಬರೀ ಬೆರಳಲ್ಲಿ ತಿರುಗಿಸಿದೆ, ಸಲೀಸಾಗಿ ತಳ ಮುಟ್ಟಿತು. ಪಾನಾ ಹಾಕಿ ಕಾಲು ಸುತ್ತು, ಅಷ್ಟೇ. ಕೀ ತಿರುಗಿಸಿದರೆ ನಾಲ್ಕೂ ಸಿಲಿಂಡರು ಒಂದೇ ಸಮನೆ ಹಾಡಿದವು. ನಾನು ಮಗುವಿನ ಹಾಗೆ ಚಪ್ಪಾಳೆ ತಟ್ಟಿದೆ, ಸಾಹೇಬರು ಕಣ್ಣೊರೆಸಿಕೊಂಡರು.

ಬರುವಾಗ ಹಗ್ಗವಿಲ್ಲ, ನಾನೇ ಓಡಿಸಿಕೊಂಡು ಬಂದೆ. ನಾಗಭೂಷಣ ಜಗಲಿಯ ಮೇಲಿದ್ದ, ಎದ್ದು ಒಳಗೆ ಹೋದ. ಅವತ್ತಿನಿಂದ ಆ ಮುಖ. ಮುಂದಿನ ಆಯುಧಪೂಜೆಗೆ ಪಾನಾ ಹಿಡಿಯುವವಳು ನಾನು, ಗಂಡಸರು ಹೂವು ತಂದು ಕೊಟ್ಟರೆ ಸಾಕು ಅಂತ ಇಬ್ಬರಿಗೂ ಕೇಳುವ ಹಾಗೆ ಹೇಳಿಬಿಟ್ಟಿದ್ದೇನೆ. ನಿಮ್ಮಪ್ಪ ಎಂಜಿನ್ನಿನ ಮೇಲೆ ಕೈಯಿಟ್ಟು, "ಲೋಹಿತಾಗೆ ಹೇಳಿದ್ಯಾ?" ಅಂತ ಮಾತ್ರ ಕೇಳಿದರು. ಅವರ ಜೊತೆ ನೀನು ನೆಟ್ಟಗೆ ಮಾತಾಡಿ ಇಪ್ಪತ್ತೊಂದು ವರ್ಷ.

ನಾಳೆ ಬಿಟ್ಟು ಮುಂದಿನ ಭಾನುವಾರ, ೧೭ನೇ ತಾರೀಕು, ಕಾರು ತೆಗೆದುಕೊಂಡು ಪಾವಗಡಕ್ಕೆ ಬರುತ್ತೇನೆ. ಆರ್.ಸಿ. ನಿನ್ನ ಹೆಸರಿಗೆ ಮಾಡಲು ಕಾಗದಕ್ಕೆ ಸಹಿ ಹಾಕಿಟ್ಟಿದ್ದೇನೆ. ಬೇಡ ಅನ್ನಬೇಡ. ಅಶ್ವಿನಿಯ ಕೈಗೆ ಮಸಿ ಹತ್ತಿದರೆ ಬೈಯಬೇಡ. ಶಿವ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಸರ್ವಮಂಗಳಾ

ವಿ. ಸೂ.: ಬರೆದದ್ದನ್ನು ಓದಿ ನೋಡಿದೆ. ಗಂಡಸರನ್ನು ಎದುರು ಹಾಕಿಕೊಂಡೆ ಅಂತ ಎಷ್ಟೊಂದು ಜಂಬ! ಒಂದು ಮಾತು ಬಿಟ್ಟಿದ್ದೇನೆ. ೨೦೦೩ರಲ್ಲಿ ನಿನಗೆ ತುಮಕೂರಿನ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಸೀಟು ಸಿಕ್ಕಿದ ಕಾಗದ ಬಂದಾಗ, "ಅಪ್ಪ ಬೇಡ ಅಂದುಬಿಟ್ಟರು" ಅಂತ ನಿನಗೆ ಹೇಳಿದೆನಲ್ಲ, ಅದು ಸುಳ್ಳು. ಆ ಕಾಗದವನ್ನು ಅವರಿಗೆ ನಾನು ತೋರಿಸಲೇ ಇಲ್ಲ. ಅಷ್ಟು ಹುಡುಗರ ನಡುವೆ ಒಬ್ಬಳೇ ಹುಡುಗಿ, ಜನ ಏನಂದಾರು ಅಂತ ಹೆದರಿ ಒಲೆಗೆ ಹಾಕಿದೆ. ಅವರಿಗೆ, ನಿನಗೆ ಸೀಟು ಸಿಗಲಿಲ್ಲ ಅಂದೆ. ಅರ್ಜಿಗೆ ಸಹಿ ಹಾಕಿದವರು ಅವರೇ ಅಲ್ಲವಾ, ಅವತ್ತು ಊಟ ಮಾಡಲಿಲ್ಲ. ಸೀಟು ಸಿಗದ ನಾಚಿಕೆಗೆ ನೀನು ಮಾತು ಬಿಟ್ಟೆ ಅಂತ ನಿನ್ನೆಯವರೆಗೂ ತಿಳಿದಿದ್ದರು. ಇವತ್ತು ಬೆಳಿಗ್ಗೆ ಅವರಿಗೂ ಎಲ್ಲ ಹೇಳಿದೆ. ಅಂಗಡಿ ಬಾಗಿಲು ತೆಗೆಯದೆ ಫೋನಿನ ಪಕ್ಕ ಕೂತಿದ್ದಾರೆ, ತಾವಾಗಿ ಮಾಡಲು ಧೈರ್ಯವಿಲ್ಲ. ನನ್ನನ್ನು ಭಾನುವಾರ ಎಷ್ಟು ಬೇಕಾದರೂ ಬೈ. ಅವರಿಗೆ ಮಾತ್ರ ಇದು ಕೈಗೆ ಸಿಕ್ಕಿದ ತಕ್ಷಣ ಫೋನ್ ಮಾಡು.