ಕಂಬಕ್ಕೆ ಹೇಳಿದ ಮಾತು

ಗುಬ್ಬಿ, 1958

ಕುಣಿಗಲ್ಲಿನ ಯಜಮಾನರಿಗೆ,

ನಿಮ್ಮಮ್ಮನ ಎದುರಿಗೆ ನಾನು ನಿಮ್ಮನ್ನು ಮಾತಾಡಿಸೋ ಹಾಗಿರಲಿಲ್ಲ. ಅದಕ್ಕೇ "ಬೆಲ್ಲ ಮುಗೀತು" ಅಂತ ಒಲೆಗೆ ಹೇಳ್ತಿದ್ದೆ, ಸಂಜೆಗೆ ನೀವು ಬೆಲ್ಲ ತರ್ತಿದ್ರಿ. ಒಬ್ಬಳೇ ಮಾತಾಡ್ತಾಳೆ, ಹುಚ್ಚಿ ಅಂತ ಅವರು ನನ್ನನ್ನು ತವರಿಗೆ ಅಟ್ಟಿದಾಗ ಮಾತ್ರ ನೀವು ತುಟಿ ಬಿಚ್ಚಲಿಲ್ಲ.

ಇವತ್ತು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ನಿಂತು ಕಂಬಕ್ಕೆ ಹೇಳಿದಿರಿ: "ಅಮ್ಮ ಹೋಗಿ ವರ್ಷವಾಯ್ತು. ಈಗ ಮನೆಗೆ ಬಂದ್ರೆ ಬೇಡ ಅನ್ನೋರು ಯಾರೂ ಇಲ್ಲ."

ಜೊತೆಗಿದ್ದ ಪಕ್ಕದ ಮನೆ ಅಲಮೇಲಮ್ಮ ಯಾರದು ಅಂದ್ರು. ನಿಮಗೆ ಕೇಳೋ ಹಾಗೇ ಹೇಳಿದೆ: "ಯಾರೋ ಹುಚ್ಚ ಕಣ್ರೀ. ಒಬ್ನೇ ಮಾತಾಡ್ಕೋತಾನೆ."

ನಿಮ್ಮ ಮುಖ ನೋಡಿ, ಎಂಟು ವರ್ಷಕ್ಕೆ ನನ್ನ ಹೊಟ್ಟೆ ತಣ್ಣಗಾಯ್ತು.

ಮನೆಗೆ ಬಂದು ಒಲೆ ಹಚ್ಚಿದೆ. ಡಬ್ಬಿ ತುಂಬ ಬೆಲ್ಲ ಇತ್ತು. ಆದ್ರೂ "ಬೆಲ್ಲ ಮುಗೀತು" ಅಂದೆ.